ನಕ್ಷೆ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಪಾಲು



ಪಿಜಿರೌಟಿಂಗ್ ಎಂಬ ತಂತ್ರಾಂಶವಿದೆ. ಡೇಟಾಬೇಸಿನಲ್ಲಿಟ್ಟ ರಸ್ತೆಗಳ ನಡುವೆ ಹತ್ತಿರದ ದಾರಿಯನ್ನು ಅದು ಲೆಕ್ಕ ಹಾಕುತ್ತದೆ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರ ಹಲವು ಭಾಗಗಳನ್ನು ಬರೆದವರು ವಿದ್ಯಾರ್ಥಿಗಳು. ನಮ್ಮ ದೇಶದವರೂ ಅವರಲ್ಲಿದ್ದಾರೆ.

ಇದಕ್ಕೆ ಅವಕಾಶ ಮಾಡಿಕೊಟ್ಟದ್ದು 2005ರಲ್ಲಿ ಗೂಗಲ್ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಯೋಜನೆ. ಕ್ಯೂಜಿಐಎಸ್, ಗ್ರಾಸ್ ಮುಂತಾದ ನಕ್ಷೆ ತಂತ್ರಾಂಶಗಳಿಗೆ ಆಸರೆಯಾದ ಓಎಸ್‌ಜಿಯೋ ಸಂಸ್ಥೆ 2007ರಲ್ಲಿ ಇದಕ್ಕೆ ಸೇರಿತು. ಕಾಲೇಜಿನಲ್ಲಿ ಓದುತ್ತಿರಲೇಬೇಕೆಂಬ ನಿಯಮವನ್ನು 2022ರಲ್ಲಿ ಕೈಬಿಡಲಾಯಿತು. 18 ವರ್ಷ ತುಂಬಿದ ಹೊಸಬರೂ ಅರ್ಜಿ ಹಾಕಬಹುದು. ಮಾರ್ಗದರ್ಶಕರು ಕೆಲಸ ಒಪ್ಪಿದರೆ ಗೌರವಧನವೂ ಉಂಟು.

ಕೆಲಸವೇನು? ಒಂದು ಅಲ್ಗಾರಿದಮ್ಮನ್ನು ಸಿ++ನಲ್ಲಿ ಅಳವಡಿಸಬೇಕು, ಎಸ್‌ಕ್ಯೂಎಲ್‌ನಿಂದ ಕರೆಯುವಂತೆ ಮಾಡಬೇಕು, ಪರೀಕ್ಷೆಗಳನ್ನು ಬರೆಯಬೇಕು, ಬಳಕೆಯ ವಿವರಣೆಯನ್ನೂ ಬರೆಯಬೇಕು. ಈ ಕೊನೆಯದು ನಮ್ಮ ಹುಡುಗರಿಗೆ ಬೇಸರದ ಕೆಲಸ! ಅದಿಲ್ಲದಿದ್ದರೆ ಉಳಿದದ್ದೆಲ್ಲ ಯಾರ ಉಪಯೋಗಕ್ಕೂ ಬಾರದು.

ಅರ್ಜಿಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಮಾರ್ಗದರ್ಶಕರು ಕೆಲಸ ನೋಡಿದವರನ್ನು ನಂಬುತ್ತಾರೆ, ಅಂಕಪಟ್ಟಿಯನ್ನಲ್ಲ. ಕೆಲವು ತಿಂಗಳು ಮೊದಲೇ ಸಣ್ಣ ದೋಷವೊಂದನ್ನು ಸರಿಪಡಿಸಿ ಕಳಿಸಿ. ನಿಮ್ಮ ಕೋಡನ್ನು ಎಲ್ಲರೆದುರೇ ತಿದ್ದುತ್ತಾರೆ. ಮುನಿಸಿಕೊಳ್ಳದೆ ಮತ್ತೆ ಕಳಿಸಿ.

ಸ್ವಂತ ಕಂಪ್ಯೂಟರ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಕ್ಯೂಜಿಐಎಸ್ ಹಾಕಿಸಿಕೊಳ್ಳಿ, ಅದಕ್ಕೆ ಹಣ ಕೊಡಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ನಿಮ್ಮ ತಾಲ್ಲೂಕಿನ ರಸ್ತೆಗಳನ್ನು ಇಳಿಸಿಕೊಂಡು ಅದರಲ್ಲಿ ತೆರೆದು ನೋಡಿ. ನಿಮ್ಮ ಓಣಿ ಅಲ್ಲಿದೆಯೇ ಇಲ್ಲವೇ ಎಂಬುದು ಆಗಲೇ ತಿಳಿಯುತ್ತದೆ.