ಬೆನಿಟೊಯಿಟ್ ಎಂಬ ವಿರಳ ರತ್ನ



ಲಕ್ಷಣವೆಂಬುದು ಲಕ್ಷ್ಯವನ್ನು ಬಿಟ್ಟು ಬೇರೊಂದಕ್ಕೆ ಸಲ್ಲಬಾರದು, ಸಂದರೆ ಅತಿವ್ಯಾಪ್ತಿದೋಷವು. ಎಲ್ಲಿಯೂ ಸಲ್ಲದಿದ್ದರೆ ಅಸಂಭವದೋಷವು. ತರ್ಕಶಾಸ್ತ್ರದ ಈ ನಿಯಮಗಳು ಕಲ್ಲಿನ ವಿಷಯದಲ್ಲಿಯೂ ಹೇಗೆ ಉಪಕರಿಸುವುವೆಂಬುದಕ್ಕೆ ಬೆನಿಟೊಯಿಟ್ ಎಂಬ ಖನಿಜದ ವೃತ್ತಾಂತವೇ ಸಾಕ್ಷಿಯಾಗಿದೆ.

1907ನೆಯ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಬೆನಿಟೊ ಎಂಬ ಸೀಮೆಯ ಬೆಟ್ಟಗಳಲ್ಲಿ, ಅದಿರನ್ನು ಅರಸುತ್ತಿದ್ದವರಿಗೆ ನೀಲವರ್ಣದ ಹರಳುಗಳು ದೊರೆತುವು. ಬಣ್ಣವನ್ನು ಕಂಡವರು ಅವನ್ನು ಇಂದ್ರನೀಲವೆಂದೇ ಬಗೆದರು. ಬರ್ಕ್ಲಿ ನಗರದ ವಿಶ್ವವಿದ್ಯಾನಿಲಯದ ಭೂವಿಜ್ಞಾನಿಗಳಾದ ಜಾರ್ಜ್ ಲೌಡರ್‌ಬ್ಯಾಕ್ ಎಂಬವರಾದರೋ ಅದನ್ನು ಪರೀಕ್ಷಿಸಿ, ಅದು ಅದುವರೆಗೆ ಯಾರೂ ಅರಿಯದ ಹೊಸ ಖನಿಜವೆಂದು ನಿರ್ಣಯಿಸಿ, ಆ ಸೀಮೆಯ ಹೆಸರನ್ನೇ ಅದಕ್ಕಿಟ್ಟರು.

ಇಂದ್ರನೀಲಕ್ಕೂ ಇದಕ್ಕೂ ಇರುವ ಭೇದವೇನು? ಇಂದ್ರನೀಲವು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯೋಗವು. ಇದಾದರೋ ಬೇರಿಯಂ, ಟೈಟೇನಿಯಂ, ಸಿಲಿಕಾನ್, ಆಮ್ಲಜನಕಗಳಿಂದಾದ ಸಿಲಿಕೇಟು. ಇಂದ್ರನೀಲದ ಕಾಠಿಣ್ಯವು 9. ಇದರದು 6ರಿಂದ 6.5. ಆದಕಾರಣ ಇಂದ್ರನೀಲವು ಇದನ್ನು ಗೀರಬಲ್ಲುದು. ಹರಳಿನ ಅಕ್ಷದ ನೇರಕ್ಕೆ ನೋಡಿದರೆ ಇದು ಬಹುಮಟ್ಟಿಗೆ ವರ್ಣಹೀನವಾಗಿಯೂ, ಅಡ್ಡಲಾಗಿ ನೋಡಿದರೆ ನೀಲವಾಗಿಯೂ ತೋರುವುದು. ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವುದರಲ್ಲಿ ವಜ್ರಕ್ಕೆ ಹೆಚ್ಚುಕಡಮೆ ಸಮವಾದುದು. ಹ್ರಸ್ವತರಂಗದ ನೇರಳಾತೀತ ಕಿರಣಗಳು ಬಿದ್ದರೆ ಕತ್ತಲೆಯಲ್ಲಿ ಪ್ರಖರವಾದ ನೀಲಿಯ ಕಾಂತಿಯನ್ನು ಬೀರುವುದು. ಹೀಗೆ ನೀಲವರ್ಣವೆಂಬ ಲಕ್ಷಣಕ್ಕೆ ಅತಿವ್ಯಾಪ್ತಿಯುಂಟೆಂದು ಸ್ಪಷ್ಟವಾಯಿತು.

ಇದಕ್ಕಿಂತಲೂ ಆಶ್ಚರ್ಯಕರವಾದುದು ಅದರ ಆಕಾರವು. ಜರ್ಮನಿಯ ಹೆಸ್ಸೆಲ್ ಎಂಬ ವಿದ್ವಾಂಸರು 1830ರಲ್ಲಿಯೇ, ಕೇವಲ ಗಣಿತಯುಕ್ತಿಯಿಂದ, ಹರಳುಗಳ ಅಂಗಸಾಮ್ಯದ ವರ್ಗಗಳು 32 ಮಾತ್ರವೆಂದು ಸಾಧಿಸಿದ್ದರು. ಅವುಗಳಲ್ಲಿ ಒಂದು ವರ್ಗಕ್ಕೆ ಸೇರತಕ್ಕ ಖನಿಜವು ಬಹುಕಾಲ ದೊರೆಯದೆ, ಲಕ್ಷಣವಿದ್ದೂ ಲಕ್ಷ್ಯವಿಲ್ಲದಂತಿತ್ತು. 77 ವರ್ಷಗಳ ತರುವಾಯ ತ್ರಿಕೋಣಾಕಾರದ ಈ ಹರಳು ಬಂದು ಆ ಬರಿದಾದ ಸ್ಥಾನವನ್ನು ತುಂಬಿತು. ಅಸಂಭವವೆಂದು ತೋರಿದುದು ಅಸಂಭವವಾಗಿರಲಿಲ್ಲ; ಕಾಣದಿದ್ದುದು ಮಾತ್ರವೇ. 1930ರಲ್ಲಿ ಜಕಾರಿಯಾಸನ್ ಎಂಬವರು ಇದರ ಒಳರಚನೆಯನ್ನು ಶೋಧಿಸಿ, ಮೂರು ಸಿಲಿಕಾನ್ ಪರಮಾಣುಗಳು ಆಮ್ಲಜನಕದೊಡನೆ ಬಳೆಯಂತೆ ಕೂಡಿರುವುದನ್ನು ತೋರಿಸಿದರು.

ಈ ಖನಿಜದ ಕಣಗಳು ಜಪಾನಿನಲ್ಲಿಯೂ ಉಂಟು. ಆದರೆ ರತ್ನಯೋಗ್ಯವಾದ ಹರಳುಗಳಿಗೆ ಪ್ರಸಿದ್ಧವಾದ ಆಕರವು ಸ್ಯಾನ್ ಬೆನಿಟೊ ಒಂದೇ. ಕ್ಯಾಲಿಫೋರ್ನಿಯಾದವರು 1985ರಲ್ಲಿ ಇದನ್ನು ತಮ್ಮ ಸಂಸ್ಥಾನದ ರತ್ನವೆಂದು ಅಂಗೀಕರಿಸಿದರು. ಪರೀಕ್ಷೆಯಿಲ್ಲದಿದ್ದರೆ ಈ ಕಲ್ಲು ಮೆದುವಾದ ಇಂದ್ರನೀಲವೆಂದು ಅಗ್ಗವಾಗಿ ಮಾರಿಹೋಗುತ್ತಿತ್ತು. ಗಣಿತವು ಕಾದಿರಿಸಿದ ಸ್ಥಾನವೂ ಬರಿದಾಗಿಯೇ ಉಳಿಯುತ್ತಿತ್ತು. ಕಣ್ಣು ಸಾದೃಶ್ಯವನ್ನು ಕಾಣುವುದು. ಭೇದವನ್ನು ಕಾಣುವುದು ಪರೀಕ್ಷೆಯೇ ಸರಿ.