ಹಗೆತನ ಕೊನೆಗೊಳ್ಳುವ ಬಗೆ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)

ವಂದನೀಯ ಗುರುವರ್ಯರೇ, ಕನ್ಯಾಸ್ತ್ರೀಯರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಆಗಮಿಸಿರುವ ಕ್ರಿಸ್ತನಲ್ಲಿ ಪ್ರಿಯ ಬಾಂಧವರೇ,

ದೇಶದೇಶಗಳ ನಡುವೆ ತಲೆತಲಾಂತರದಿಂದ ಬಂದ ಹಗೆತನವು ಏಕೆ ಕೊನೆಗೊಳ್ಳುತ್ತದೆ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ದೂರದ ದೇಶಗಳಿಗೆ ಹೋಗುವ ಮುನ್ನ, ನಾವು ನಿಂತಿರುವ ನೆಲವನ್ನೇ ಒಮ್ಮೆ ವಿಚಾರಿಸೋಣ.

ಇಂದು ಈ ನಾಲ್ಕು ತಾಲ್ಲೂಕುಗಳೂ ಒಂದೇ ಜಿಲ್ಲೆಯಲ್ಲಿವೆ. ಮುನ್ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಪಶ್ಚಿಮದಲ್ಲಿ ಬಿದನೂರಿನ ಕೆಳದಿ ಅರಸರು, ಪೂರ್ವದಲ್ಲಿ ಚಿತ್ರದುರ್ಗದ ನಾಯಕರು, ಉತ್ತರದಲ್ಲಿ ಹರಪನಹಳ್ಳಿಯ ಪಾಳೆಯಗಾರರು. ಇವರ ನಡುವೆ ನಮ್ಮ ಹಿರಿಯರ ಹೊಲಗದ್ದೆಗಳು. ಚನ್ನಗಿರಿಗೆ ಆ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಸಂತೇಬೆನ್ನೂರು, ಮಾಯಕೊಂಡ, ಅಣಜಿ, ಜಗಳೂರುಗಳು ಗೆದ್ದವರ ಕೈಯಿಂದ ಗೆದ್ದವರ ಕೈಗೆ ಸಾಗಿದವು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಡುಪಡೆಯನ್ನು ಎದುರಿಸಿ ದುರ್ಗದ ಹಿರೇಮದಕರಿ ನಾಯಕನು ರಣರಂಗದಲ್ಲೇ ಮಡಿದನು.

ಆ ಹಗೆ ಹೇಗೆ ಮುಗಿಯಿತು? ಬಿದನೂರಿನ ಗಾದಿಗೆ ತಾನೇ ಹಕ್ಕುದಾರನೆಂದು ಹೇಳಿಕೊಂಡವನೊಬ್ಬನನ್ನು ದುರ್ಗದ ನಾಯಕನೇ ಹೈದರಾಲಿಯ ಬಳಿಗೆ ಕರೆದೊಯ್ದನೆಂದು ಚರಿತ್ರಕಾರ ವಿಲ್ಕ್ಸ್ ಬರೆದಿದ್ದಾನೆ. ಆ ನೆಪವೇ ಹೈದರನಿಗೆ ಸಾಕಾಯಿತು. 1763ರಲ್ಲಿ ಬಿದನೂರು ಬಿದ್ದಿತು. ನೆರೆಯವನ ಮನೆ ಉರಿಯುವುದನ್ನು ಕಂಡು ಹಿಗ್ಗಿದ ದುರ್ಗಕ್ಕೆ ಉಳಿದದ್ದು ಹದಿನಾರೇ ವರ್ಷ. 1779ರಲ್ಲಿ ಅದೂ ಹೈದರನ ವಶವಾಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಹಗೆ ಮುಗಿದದ್ದು ಹಗೆಗಾರರೇ ಇಲ್ಲವಾದುದರಿಂದ. ಇದನ್ನು ಶಾಂತಿಯೆಂದು ಕರೆಯಲು ನಾಲಗೆ ಏಳದು.

ಎರಡನೆಯ ಬಗೆಯೊಂದುಂಟು, ಅದು ಪರಸ್ಪರ ಅಗತ್ಯದಿಂದ ಹುಟ್ಟುವಂಥದು. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದೂಡಿದನು. ಆದರೆ ಗೋವೆಗೆ ಕನ್ನಡ ಕರಾವಳಿಯ ಅಕ್ಕಿ ಬೇಕಿತ್ತು. ಕೆಳದಿಯ ಅಕ್ಕಿಗೆ ಕಡಲದಾರಿ ಬೇಕಿತ್ತು. ಡಚ್ಚರ ಹೊಡೆತದಿಂದ ಪೋರ್ಚುಗೀಸರ ಸೊಕ್ಕೂ ಇಳಿದಿತ್ತು. ಹೀಗೆ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರಲ್ಲಿ, ಇಬ್ಬರ ನಡುವೆ ಒಪ್ಪಂದವಾಯಿತು. ಮಿರ್ಜಾನ, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ದೇವಾಲಯಗಳನ್ನು ಕಟ್ಟಿಕೊಳ್ಳಲು ಅನುಮತಿ ದೊರೆತದ್ದು ಆ ಒಪ್ಪಂದದಲ್ಲಿಯೇ. ವೀರಶೈವ ರಾಣಿಯೊಬ್ಬಳು ಶತ್ರುವಿನ ಮತದವರಿಗೂ ನೆಲೆಕೊಟ್ಟಳೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಅಗತ್ಯವೊಂದೇ ಸಾಲದು. ಅಗತ್ಯ ತೀರಿದಾಗ, ಇಲ್ಲವೇ ನಂಬಿಕೆ ಮುರಿದಾಗ, ಒಪ್ಪಂದ ಸಡಿಲವಾಗುತ್ತದೆ. ಭಾರತ ಪಾಕಿಸ್ತಾನಗಳ 1960ರ ಸಿಂಧೂ ಜಲ ಒಪ್ಪಂದವು 1965, 1971, 1999ರ ಕದನಗಳನ್ನು ದಾಟಿ ಉಳಿಯಿತು. ಪಹಲ್ಗಾಮಿನ ಹತ್ಯಾಕಾಂಡದ ತರುವಾಯ, 2025ರ ಏಪ್ರಿಲಿನಲ್ಲಿ, ಭಾರತ ಅದನ್ನು ತಡೆಹಿಡಿಯಿತು. ನೀರು ಹಂಚಿಕೊಂಡವರು ನಂಬಿಕೆಯನ್ನು ಹಂಚಿಕೊಳ್ಳಲಾಗಲಿಲ್ಲ.

ಮೂರನೆಯ ಬಗೆಯೇ ಗಟ್ಟಿಯಾದುದು. ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರೊಳಗೆ ಮೂರು ಸಲ ಯುದ್ಧಮಾಡಿದವು. ಮೊದಲ ಮಹಾಯುದ್ಧದಲ್ಲಿ ಗೆದ್ದವರು ಸೋತವರ ಮೇಲೆ ದಂಡ ಹೇರಿದರು. ಇಪ್ಪತ್ತು ವರ್ಷಗಳಲ್ಲಿ ಮತ್ತೆ ಬೆಂಕಿ ಎದ್ದಿತು. ಎರಡನೆಯ ಯುದ್ಧದ ಬಳಿಕ, 1950ರ ಮೇ 9ರಂದು, ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಷೂಮನ್ ಬೇರೆಯೇ ದಾರಿ ತೋರಿಸಿದರು. ಫಿರಂಗಿ ಎರಕಕ್ಕೆ ಬೇಕಾದ ಕಲ್ಲಿದ್ದಲು, ಉಕ್ಕುಗಳನ್ನೇ ಎರಡೂ ದೇಶಗಳು ಒಂದು ಸಮಾನ ಆಡಳಿತಕ್ಕೆ ಒಪ್ಪಿಸಲಿ ಎಂದರು. ಜಗಳದ ವಸ್ತುವೇ ಕೂಡುಬಾಳ್ವೆಯ ವಸ್ತುವಾಯಿತು. 1962ರ ಜುಲೈ 8ರಂದು ರೀಮ್ಸ್ ಮಹಾದೇವಾಲಯದಲ್ಲಿ ದ ಗಾಲ್ ಮತ್ತು ಅಡೆನಾವರ್ ಬಲಿಪೂಜೆಯಲ್ಲಿ ಜೊತೆಗೂಡಿ ಪಾಲ್ಗೊಂಡರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿಗಳು ಸುಟ್ಟಿದ್ದು ಅದೇ ದೇವಾಲಯವನ್ನು. ಮರುವರ್ಷದ ಜನವರಿಯಲ್ಲಿ ಸ್ನೇಹಸಂಧಿಗೆ ಸಹಿ ಬಿದ್ದಿತು.

ಕೆಲವೊಮ್ಮೆ ಹಿರಿಯರೊಬ್ಬರ ಮಧ್ಯಸ್ಥಿಕೆಯೂ ಬೇಕಾಗುತ್ತದೆ. ಬೀಗಲ್ ಕಾಲುವೆಯ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಚಿಲಿ 1978ರ ಡಿಸೆಂಬರಿನಲ್ಲಿ ಯುದ್ಧದ ಅಂಚಿಗೆ ಬಂದಿದ್ದವು. ಎರಡೂ ಕಥೋಲಿಕ ದೇಶಗಳೇ! ಒಂದೇ ವಿಶ್ವಾಸವಿದ್ದ ಮಾತ್ರಕ್ಕೆ ಹಗೆ ತಪ್ಪದೆಂಬುದನ್ನು ನಾವು ಮರೆಯಬಾರದು. ಜಗದ್ಗುರು ಎರಡನೇ ಜಾನ್ ಪೌಲರು ಕಾರ್ಡಿನಲ್ ಸಾಮೊರೆಯವರನ್ನು ಕಳುಹಿಸಿದರು. ಸಂಧಾನಕ್ಕೆ ಸುಮಾರು ಆರು ವರ್ಷ ಹಿಡಿಯಿತು. ಅರ್ಜೆಂಟೀನಾದಲ್ಲಿ ಸೇನಾಡಳಿತ ಕೊನೆಗೊಂಡು ಪ್ರಜೆಗಳ ಸರ್ಕಾರ ಬಂದ ಮೇಲೆ, 1984ರ ನವೆಂಬರ್ 29ರಂದು, ವ್ಯಾಟಿಕನ್ನಿನಲ್ಲಿ ಒಪ್ಪಂದವಾಯಿತು. ದ್ವೀಪಗಳು ಚಿಲಿಗೆ ಉಳಿದವು. ಅಟ್ಲಾಂಟಿಕ್ ಕಡಲಿನ ಮೇಲಿನ ಅರ್ಜೆಂಟೀನಾದ ಹಿತವೂ ಉಳಿಯಿತು. ಯಾರೂ ಮುಖಭಂಗಪಡಬೇಕಾಗಲಿಲ್ಲ.

ಇವುಗಳಿಂದ ನಾವು ತಿಳಿಯುವುದೇನು? ಹಗೆಯ ಬೆಲೆ ಅದರ ಲಾಭವನ್ನು ಮೀರಿತೆಂದು ಇಬ್ಬರಿಗೂ ಅರಿವಾಗಬೇಕು. ಸೋತವನ ಮಾನ ಉಳಿಯಬೇಕು. ಜಗಳವಾಡಿದ ವಸ್ತುವನ್ನು ಕೂಡಿ ನೋಡಿಕೊಳ್ಳುವ ಏರ್ಪಾಡು ಬೇಕು. ಮೊದಲು ಕೈಚಾಚುವ ಧೈರ್ಯ ಒಬ್ಬನಿಗಾದರೂ ಇರಬೇಕು. ಕಾಣಿಕೆಯೊಡನೆ ಬಲಿಪೀಠದ ಬಳಿ ಬಂದವನು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಳ್ಳಲಿ ಎಂದು ಪ್ರಭು ಯೇಸು ಬೋಧಿಸಿದ್ದು ಇದನ್ನೇ. ಬದುವಿಗಾಗಿ, ಕಾಲುವೆಯ ನೀರಿಗಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ನಮ್ಮ ಊರುಗಳಲ್ಲಿಯೂ ಇಲ್ಲವೇ? ಕೋರ್ಟಿನಲ್ಲಿ ಇಬ್ಬರೂ ಸವೆದು, ಹೊಲ ಮೂರನೆಯವನ ಪಾಲಾಗುವವರೆಗೆ ಕಾಯಬೇಕೇ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಇಂದು ಕೊಳವೆಗಳಲ್ಲಿ ಹರಿದು ಚಿತ್ರದುರ್ಗದ ಜನರ ಬಾಯಾರಿಕೆ ತಣಿಸುತ್ತಿದೆ. ಒಂದು ಕಾಲಕ್ಕೆ ಕತ್ತಿ ಹಿರಿದು ನಿಂತ ಎರಡು ಸೀಮೆಗಳ ಮಕ್ಕಳು ಒಂದೇ ಕೆರೆಯ ನೀರು ಕುಡಿಯುತ್ತಿದ್ದಾರೆ. ಈ ಭಾಗ್ಯವನ್ನು ಅರಿತು, ನಮ್ಮ ದೇವಾಲಯವು ತನ್ನ ಎರಡನೆಯ ಶತಮಾನದಲ್ಲಿ ಮುನಿದವರನ್ನು ಕೂಡಿಸುವ ಮನೆಯಾಗಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.