ರೈತರ ಮಾರಾಟಕ್ಕೆ ಅಂತರಜಾಲದಲ್ಲಿ ಒಂದು ಹೆಸರು
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಾಠ)



ಬೆಲ್ಲ, ಜೇನುತುಪ್ಪ, ಕಾಫಿಪುಡಿ, ಗಾಣದ ಎಣ್ಣೆ ಮುಂತಾದುವನ್ನು ಮಂಡಿಗೆ ಹಾಕದೆ ನೇರವಾಗಿ ಬಳಕೆದಾರರಿಗೆ ಮಾರುವ ರೈತರು ಈಗ ಎಲ್ಲ ಕಡೆಯೂ ಇದ್ದಾರೆ. ಇವರಲ್ಲಿ ಬಹುಮಂದಿ ವಾಟ್ಸಾಪ್, ಫೇಸ್‌ಬುಕ್‌ಗಳ ಮೂಲಕ ಗಿರಾಕಿಗಳನ್ನು ಹುಡುಕಿಕೊಂಡವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಂತೆ. ಜಮೀನಿನವರು ನಿಯಮ ಬದಲಾಯಿಸಿದರೆ ಅಥವಾ ಖಾತೆ ಮುಚ್ಚಿದರೆ, ವರ್ಷಗಟ್ಟಲೆ ಸಂಪಾದಿಸಿದ ಗಿರಾಕಿಗಳು ಒಂದೇ ದಿನದಲ್ಲಿ ಕೈತಪ್ಪುತ್ತಾರೆ. ಸ್ವಂತ ವೆಬ್‌ಸೈಟ್ ಇದ್ದರೆ ಈ ಭಯ ಕಡಿಮೆ. ವೆಬ್‌ಸೈಟಿಗೂ ಮೊದಲು ಬೇಕಾದದ್ದು ಅದಕ್ಕೊಂದು ಹೆಸರು. ಇದನ್ನೇ ಡೊಮೈನ್ ಹೆಸರು ಎನ್ನುತ್ತಾರೆ. ಬೆಳೆದುದೆಲ್ಲವನ್ನೂ ಮಂಡಿಗೇ ಹಾಕುವವರಿಗೆ ಇದರ ಅಗತ್ಯವಿಲ್ಲ. ಅವರು ಆ ಹಣವನ್ನು ಗೊಬ್ಬರಕ್ಕೆ ಹಾಕುವುದೇ ಲೇಸು.

ಅಂತರಜಾಲದಲ್ಲಿ ಪ್ರತಿ ವೆಬ್‌ಸೈಟ್ ಇರುವ ಕಂಪ್ಯೂಟರಿಗೂ ಅಂಕಿಗಳ ವಿಳಾಸವೊಂದು ಇರುತ್ತದೆ. ಅಂಕಿಗಳನ್ನು ಜನ ನೆನಪಿಡಲಾರರು. ಆದುದರಿಂದ ಅಂಕಿಯ ಬದಲು ಹೆಸರನ್ನು ಬಳಸುವ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು. ಹೆಸರು ಅಂಗಡಿಯ ಬೋರ್ಡು ಇದ್ದಂತೆ. ವೆಬ್‌ಸೈಟಿನ ಪುಟಗಳನ್ನು ಇಡುವ ಜಾಗ, ಅಂದರೆ ಹೋಸ್ಟಿಂಗ್, ಅಂಗಡಿಯ ಮಳಿಗೆ ಇದ್ದಂತೆ. ಇವೆರಡೂ ಬೇರೆ ಬೇರೆ. ಮಳಿಗೆ ಬದಲಾಯಿಸಿದರೂ ಬೋರ್ಡನ್ನು ಜೊತೆಗೆ ಒಯ್ಯಬಹುದು. ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಒಬ್ಬರ ಕೈಗೇ ಒಪ್ಪಿಸಿ ಕೂತವರು ಮುಂದೆ ತೊಂದರೆಗೆ ಸಿಲುಕುತ್ತಾರೆ.

ಹೆಸರನ್ನು ಆರಿಸುವಾಗ ಕನ್ನಡಿಗರಿಗೆ ಇರುವ ದೊಡ್ಡ ತೊಡಕು ಇಂಗ್ಲಿಷ್ ಅಕ್ಷರಗಳದ್ದು. 'ಶ್ರೀ ಲಕ್ಷ್ಮಿ ಬೆಲ್ಲ' ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. 'ಶ್ರೀ' ಎಂಬುದನ್ನು ಎಸ್, ಆರ್, ಐ ಎಂದು ಬರೆಯುವವರು ಕೆಲವರು. ನಡುವೆ ಎಚ್ ಸೇರಿಸುವವರು ಕೆಲವರು. ಕೊನೆಯಲ್ಲಿ ಎರಡು ಇ ಹಾಕುವವರು ಇನ್ನು ಕೆಲವರು. 'ಲಕ್ಷ್ಮಿ'ಯಲ್ಲಿ ಕೆ, ಎಸ್, ಎಚ್ ಬಳಸುವವರೂ ಎಕ್ಸ್ ಬಳಸುವವರೂ ಇದ್ದಾರೆ. ಇಷ್ಟಕ್ಕೇ 6 ಬಗೆಯ ಬರಹಗಳಾದವು. ಗಿರಾಕಿ ಯಾವುದನ್ನು ಒತ್ತಬೇಕು? ಒಂದು ಅಕ್ಷರ ತಪ್ಪಿದರೂ ಅವನು ಬೇರೆಯವರ ಬಾಗಿಲಿಗೆ ಹೋಗುತ್ತಾನೆ, ಇಲ್ಲವೆ ಖಾಲಿ ಪುಟ ನೋಡಿ ಹಿಂದಿರುಗುತ್ತಾನೆ. 'ಶ್ರೀ' ಅಂಗಡಿಯ ಬೋರ್ಡಿನ ಮೇಲೆ ಇರಲಿ. ಡೊಮೈನ್ ಹೆಸರಿನಲ್ಲಿ ಬಿಡುವುದೇ ಉತ್ತಮ.

ಮನೆತನದ ಹೆಸರಿಗೂ ಇದೇ ಕಷ್ಟ. 'ಗೌಡ' ಎಂಬುದನ್ನು ಮೈಸೂರಿನ ಕಡೆ ಹೆಚ್ಚಾಗಿ ಡಬ್ಲ್ಯು ಹಾಕಿ, ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಯು ಹಾಕಿ ಬರೆಯುತ್ತಾರೆ. ಯು ಹಾಕಿ ಹುಡುಕಿದರೆ ಗೌಡರಿಗಿಂತ ಮೊದಲು ಹಾಲೆಂಡಿನ ಪ್ರಸಿದ್ಧ ಚೀಸ್ ಎದುರಾಗುವುದು! 'ಆಲೆಮನೆ' ಸುಂದರವಾದ ಪದ. ಆದರೆ ಮೊದಲು ಎ ಒಂದೋ ಎರಡೋ ಎಂಬ ಸಂದೇಹ ಉಳಿಯುತ್ತದೆ. ಕನ್ನಡ ಬಾರದವರು ಅದನ್ನು 'ಏಲ್‌ಮೇನ್' ಎಂದು ಓದಿಬಿಡಬಹುದು. ದೀರ್ಘಸ್ವರ, ಳಕಾರ, ಷಕಾರಗಳು ಕಡಿಮೆ ಇರುವ ಎರಡು ಮೂರು ಅಕ್ಷರಗಳ ಪದವನ್ನು ಹುಡುಕುವುದು ಲೇಸು.

ಇದನ್ನು ಪರೀಕ್ಷಿಸಲು ಸುಲಭ ಉಪಾಯವಿದೆ. ಆರಿಸಿದ ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಬೇರೆ ಬೇರೆ ಊರಿನ ಐದಾರು ಮಂದಿಯಿಂದ ಬರೆಯಿಸಬೇಕು. ಕಾಗುಣಿತ ಹೇಳಿಕೊಡಬಾರದು. ಹೆಚ್ಚಿನವರು ಒಂದೇ ರೀತಿ ಬರೆದರೆ ಹೆಸರು ಗಟ್ಟಿ. ಇಲ್ಲವಾದರೆ ಅದೆಷ್ಟು ಚೆನ್ನಾಗಿದ್ದರೂ ಬಿಡತಕ್ಕದ್ದು. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೀಟುಗಳನ್ನು ಬಳಸಬಹುದು. ಆದರೆ ಅಡ್ಡಗೀಟನ್ನು ಬಾಯಲ್ಲಿ ಹೇಳುವುದು ಕಷ್ಟ. ಅಂಕಿ ಹಾಕಿದರೆ ಅದನ್ನು ಅಂಕಿಯಲ್ಲಿ ಬರೆಯಬೇಕೋ ಅಕ್ಷರದಲ್ಲೋ ಎಂಬ ಗೊಂದಲ. ಎರಡನ್ನೂ ದೂರ ಇಡುವುದೇ ಒಳ್ಳೆಯದು. ಇಂದು ಬೆಲ್ಲ ಮಾರುವವರು ನಾಳೆ ಅರಿಶಿನವನ್ನೂ ಮಾರಬಹುದು. ಒಂದೇ ಬೆಳೆಗೆ ಹೆಸರನ್ನು ಕಟ್ಟಿಹಾಕುವ ಮುನ್ನ ಯೋಚಿಸಬೇಕು.

ಚುಕ್ಕೆಯ ನಂತರದ ಬಾಲದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡಾಟ್ ಕಾಂ ಎಲ್ಲರಿಗೂ ಗೊತ್ತು, ಆದರೆ ಒಳ್ಳೆಯ ಹೆಸರುಗಳು ಬಹುಪಾಲು ಹೋಗಿಬಿಟ್ಟಿವೆ. ಡಾಟ್ ಇನ್ ಭಾರತದ್ದು. ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ದೇಶದೊಳಗೆ ಮಾರುವವರಿಗೆ ಇದು ಧಾರಾಳವಾಗಿ ಸಾಕು. ಸಾಧ್ಯವಾದರೆ ಎರಡನ್ನೂ ಪಡೆಯಬಹುದು. ಕನ್ನಡ ಅಕ್ಷರಗಳಲ್ಲೇ ಹೆಸರು ಬರೆದು ಮುಂದೆ '.ಭಾರತ' ಎಂದು ಸೇರಿಸುವ ಅನುಕೂಲವೂ ಇದೆ. ಕಾಗುಣಿತದ ಗೊಂದಲ ಇಲ್ಲಿ ಇಲ್ಲ. ಆದರೆ ಕನ್ನಡ ಕೀಲಿಮಣೆ ಇಲ್ಲದ ಗಿರಾಕಿಗೆ ಇದನ್ನು ಒತ್ತಲಾಗದು. ಆದುದರಿಂದ ಎರಡನೆಯ ಹೆಸರಾಗಿ ಇಟ್ಟುಕೊಳ್ಳುವುದು ಸರಿ.

ಬೇರೆಯವರ ಹೆಸರನ್ನು ಹೋಲುವ ಹೆಸರಿಗೆ ಕೈ ಹಾಕಬಾರದು. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ 'ಸಿಫಿ' ಎಂಬುದು ಸೇರಿದ ಕೆಲವು ಡೊಮೈನ್ ಹೆಸರುಗಳನ್ನು ಪಡೆದಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚು ಹಾಕಿ ಅಂಥದೇ ಹೆಸರು ಪಡೆಯಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು, ಹೈಕೋರ್ಟು ಅದನ್ನು ರದ್ದು ಮಾಡಿತು. ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟು ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಉಂಟೆಂದು ಹೇಳಿ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಒಂದು ಅಕ್ಷರದ ವ್ಯತ್ಯಾಸ ಕಾಪಾಡಲಿಲ್ಲ. ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ, ಉಡುಪಿ ಮಟ್ಟುಗುಳ್ಳ ಇಂಥ ಭೌಗೋಳಿಕ ಸೂಚಿಕೆ ಪಡೆದ ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಆ ಭಾಗದ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ಮೇಲೆ ಬಳಸುವುದು ಕ್ಷೇಮ.

ಇನ್ನು ಕೊಳ್ಳುವ ವಿಷಯ. ಕೊಳ್ಳುವುದು ಎಂಬ ಮಾತು ವಾಡಿಕೆಯಲ್ಲಿದೆಯಾದರೂ ಇದು ಕ್ರಯವಲ್ಲ, ಗುತ್ತಿಗೆ. 1 ವರ್ಷದಿಂದ 10 ವರ್ಷದವರೆಗೆ ನೋಂದಣಿ ಮಾಡಿಸಿ, ಅವಧಿ ಮುಗಿಯುವ ಮೊದಲು ನವೀಕರಿಸುತ್ತಿರಬೇಕು. ಮೊದಲ ವರ್ಷ ಅಗ್ಗದ ದರ ತೋರಿಸಿ ಎರಡನೆಯ ವರ್ಷದಿಂದ ಏರಿಸುವುದು ನೋಂದಣಿ ಸಂಸ್ಥೆಗಳ ರೂಢಿ. ಆದುದರಿಂದ ನವೀಕರಣದ ದರವನ್ನೇ ಮೊದಲು ಕೇಳತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ನೋಂದಣಿ ಯಾರ ಹೆಸರಿನಲ್ಲಿ ಇದೆ ಎಂಬುದು. ಒಂದು ಬೆಲ್ಲದ ಸಂಘವಿದೆ ಎಂದು ಭಾವಿಸಿರಿ. ಕಾರ್ಯದರ್ಶಿಯ ಅಳಿಯನ ಸ್ನೇಹಿತ ಕಂಪ್ಯೂಟರ್ ಬಲ್ಲವನು. ಅವನು ತನ್ನ ಇಮೇಲ್, ತನ್ನ ಮೊಬೈಲ್ ಕೊಟ್ಟು ಹೆಸರು ನೋಂದಾಯಿಸಿದ. ಸಂಘದವರು ಹಣ ಕೊಟ್ಟರು. ಸಾವಿರಾರು ಡಬ್ಬಿಗಳ ಮೇಲೆ ಹೆಸರು ಅಚ್ಚಾಯಿತು. ಎರಡು ವರ್ಷದ ಮೇಲೆ ಅವನು ಬೇರೆ ಊರು ಸೇರಿದ. ನವೀಕರಣದ ಸೂಚನೆಗಳು ಅವನ ಹಳೆಯ ಇಮೇಲಿಗೆ ಬಂದು ಬಿದ್ದವು, ಹೆಸರು ಹೋಯಿತು. ಅವನು ದುಷ್ಟನೇನೂ ಅಲ್ಲ, ಮರೆತ ಅಷ್ಟೆ. ಆದರೆ ದಾಖಲೆಯಲ್ಲಿ ಯಜಮಾನ ಅವನೇ. ಹಣ ಕೊಟ್ಟವರು ಯಾರಾದರೂ ಆಗಲಿ, ಪಹಣಿಯಲ್ಲಿ ಹೆಸರಿಲ್ಲದವನ ಜಮೀನಿನ ಪಾಡೇ ಇದರದೂ. ನೋಂದಣಿದಾರನ ಸ್ಥಾನದಲ್ಲಿ ರೈತನ ಅಥವಾ ಸಂಘದ ಹೆಸರೇ ಇರಬೇಕು. ಇಮೇಲ್, ಮೊಬೈಲ್, ಗುಪ್ತಪದ ಅವರ ಕೈಯಲ್ಲೇ ಇರಬೇಕು. ಅದೇ ಡೊಮೈನಿನ ಇಮೇಲನ್ನು ಈ ಖಾತೆಗೆ ಕೊಡಕೂಡದು. ಹೆಸರು ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ತಲುಪುವುದಿಲ್ಲ.

ಅವಧಿ ಮುಗಿದ ಡಾಟ್ ಕಾಂ ಹೆಸರನ್ನು ನೋಂದಣಿ ಸಂಸ್ಥೆ ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳಬಹುದು. ಎಷ್ಟೋ ಸಲ ಅಷ್ಟರೊಳಗೇ ಹರಾಜು ಹಾಕುವುದುಂಟು. ಅಳಿಸಿದ ಮೇಲೆ 30 ದಿನ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಪಡೆಯಬಹುದು. ನವೀಕರಣದ ಹೆಸರಿನಲ್ಲಿ ಸುಳ್ಳು ಬಿಲ್ಲು ಕಳಿಸುವವರೂ ಇದ್ದಾರೆ. ಇಮೇಲಿನಲ್ಲಿ ಬಂದ ಕೊಂಡಿಯನ್ನು ಒತ್ತದೆ, ನೋಂದಣಿ ಮಾಡಿಸಿದ ಸಂಸ್ಥೆಯ ತಾಣಕ್ಕೇ ನೇರ ಹೋಗಿ ಹಣ ಕಟ್ಟಬೇಕು.

ಸಂಘಗಳಲ್ಲಿ ಪದಾಧಿಕಾರಿಗಳು ಬದಲಾಗುತ್ತಾರೆ. ಆದುದರಿಂದ ನೋಂದಣಿ ಸಂಸ್ಥೆಯ ಹೆಸರು, ಅವಧಿ ಮುಗಿಯುವ ದಿನಾಂಕ, ಖಾತೆಯ ಇಮೇಲ್ ಇವನ್ನು ನಡವಳಿ ಪುಸ್ತಕದಲ್ಲಿ ಬರೆದು, ಅಧಿಕಾರ ವಹಿಸಿಕೊಳ್ಳುವಾಗ ನಗದು ಪುಸ್ತಕದೊಂದಿಗೆ ಇದನ್ನೂ ಒಪ್ಪಿಸಿಕೊಳ್ಳಬೇಕು. ಡಬ್ಬಿ, ಚೀಲಗಳ ಅಚ್ಚಿಗೆ ಕೊಡುವುದು ಇದೆಲ್ಲ ಮುಗಿದ ಮೇಲೆ. ಅಚ್ಚಿನ ಕರಡು ಬಂದಾಗ ಅದರಲ್ಲಿರುವ ಹೆಸರನ್ನು ನೋಡಿಕೊಂಡು ಎರಡು ಬೇರೆ ಫೋನುಗಳಲ್ಲಿ ಒತ್ತಿ, ಪುಟ ತೆರೆಯುವುದೇ ಎಂದು ನೋಡಿ, ಅನಂತರವೇ ಸಹಿ ಹಾಕತಕ್ಕದ್ದು.